ಬೆಟ್ಟದ ತುಲಾಭಾರ

ಪಿಯೋಟ್ಟಾ ಎಂಬ ಊರಿನಲ್ಲಿ ನಿಂತು ತಲೆಯೆತ್ತಿದರೆ ಬೆಟ್ಟದ ಮೈಮೇಲೆ ಎರಡು ಗೆರೆಗಳು ಕಾಣುತ್ತವೆ. ಒಂದು ನೀರಿನ ಕೊಳವೆಯದು, ಇನ್ನೊಂದು ರೈಲುಹಳಿಯದು. ಒಂದೇ ಇಳಿಜಾರನ್ನು ಹಂಚಿಕೊಂಡು ಎರಡೂ ಮೇಲೆ ಹೋಗಿ, ಕಣ್ಣು ಹಿಂಬಾಲಿಸಲಾರದ ಕಡೆ ಮಾಯವಾಗುತ್ತವೆ. ಗೋಡೆಗೆ ಒರಗಿಸಿಟ್ಟ ಏಣಿಯನ್ನು ನೋಡಿ ಇದು ರೈಲಿನ ದಾರಿ ಎಂದು ಯಾರಾದರೂ ಹೇಳಿದರೆ ಹೇಗಾಗುತ್ತದೋ, ಆ ಹಳಿಯನ್ನು ಮೊದಲ ಸಲ ನೋಡಿದವರಿಗೆ ಹಾಗೆಯೇ ಆಗುತ್ತದೆ.

ಇದು ಸ್ವಿಟ್ಜರ್ಲೆಂಡಿನ ದಕ್ಷಿಣದ ಟಿಚೀನೋ ಸೀಮೆ. ಇಲ್ಲಿಯವರ ಮಾತು ಇಟಾಲಿಯನ್. ಕಣಿವೆಯ ಹೆಸರು ಲೆವೆಂಟಿನಾ, ಅದರ ತಳದಲ್ಲಿ ಹರಿಯುವ ಹೊಳೆ ಟಿಚೀನೋ. ಕಣಿವೆಯ ಪಕ್ಕದ ಬೆಟ್ಟದ ಮೇಲೆ ರಿತೊಮ್ ಎಂಬ ಸರೋವರವಿದೆ. ಆ ನೀರನ್ನು ಕೆಳಗಿಳಿಸಿ ವಿದ್ಯುತ್ ಮಾಡಲೆಂದು ವಿದ್ಯುದಾಗಾರ ಕಟ್ಟಿದರು. ಅದನ್ನು ಕಟ್ಟಲು ಬೇಕಾದ ಸಿಮೆಂಟು, ಕಬ್ಬಿಣ, ಕೊಳವೆ, ಕೂಲಿಯವರು ಎಲ್ಲವನ್ನೂ ಮೇಲೆ ಸಾಗಿಸಲೆಂದು ಈ ಹಗ್ಗದ ರೈಲನ್ನು ಮಾಡಿದರು. ಹಳಿಯ ಉದ್ದ ಸುಮಾರು 1370 ಮೀಟರ್. ಅಷ್ಟರಲ್ಲೇ ಅದು 785 ಮೀಟರ್ ಮೇಲೇರುತ್ತದೆ. ಅತಿ ಕಡಿದಾದ ಕಡೆ ಏರು 87.8 ಪ್ರತಿಶತ, ಅಂದರೆ ನೂರು ಅಡಿ ಮುಂದೆ ಹೋದರೆ ಹೆಚ್ಚುಕಡಿಮೆ ಎಂಬತ್ತೆಂಟು ಅಡಿ ಮೇಲೆ. 1920ರಲ್ಲಿ ವಿದ್ಯುದಾಗಾರ ನಡೆಯತೊಡಗಿತು, 1921ರಲ್ಲಿ ಈ ರೈಲು ಜನರಿಗೆ ತೆರೆಯಿತು. ಮನೆ ಕಟ್ಟಿ ಮುಗಿದ ಮೇಲೆ ಸಾರುವೆಯನ್ನು ಬಿಚ್ಚಿಬಿಡುತ್ತಾರೆ. ಇಲ್ಲಿ ಸಾರುವೆ ಉಳಿದುಕೊಂಡಿತು. ನೂರು ವರ್ಷ ದಾಟಿದ ಮೇಲೂ ಬೇಸಿಗೆಯ ತಿಂಗಳುಗಳಲ್ಲಿ ಅದು ಬೆಟ್ಟ ಹತ್ತುವವರನ್ನು ಮೇಲಕ್ಕೆ ಕರೆದೊಯ್ಯುತ್ತಿದೆ.

ಇಂಥ ರೈಲಿಗೆ ಅವರ ಭಾಷೆಯಲ್ಲಿ ಫುನಿಕೊಲಾರೆ ಎನ್ನುತ್ತಾರೆ. ಲ್ಯಾಟಿನ್ನಿನ ಮೂಲಪದಕ್ಕೆ ಸಣ್ಣ ಹಗ್ಗ ಎಂದು ಅರ್ಥ. ಇಷ್ಟು ಕಡಿದಾದ ಕಡೆ ಗಾಲಿಗೆ ಹಳಿಯ ಮೇಲೆ ಹಿಡಿತ ಸಿಗುವುದಿಲ್ಲ, ಇಂಜಿನ್ ಎಷ್ಟೇ ಬಲಶಾಲಿಯಾದರೂ ಗಾಲಿ ಜಾರುತ್ತದೆ. ಹಾಗಾಗಿ ಎಳೆಯುವ ಯಂತ್ರವನ್ನು ಒಂದು ಕಡೆ ನಿಲ್ಲಿಸಿ ಡಬ್ಬಿಯನ್ನು ಹಗ್ಗಕ್ಕೆ ಕಟ್ಟುತ್ತಾರೆ. ಹಳಿ ದಾರಿ ತೋರಿಸುತ್ತದೆ, ಎಳೆದು ಹಿಡಿಯುವುದೆಲ್ಲ ಹಗ್ಗ. ಡಬ್ಬಿ ಅಲುಗಿ ನೆಲ ಕೆಳಗೆ ಸರಿಯತೊಡಗಿದಾಗ, ಕಣಿವೆಯ ಮನೆಗಳ ಮಾಡುಗಳು ಒಂದೊಂದಾಗಿ ಪಾದದಡಿಗೆ ಬಂದಾಗ, ನನಗೆ ನೆನಪಾದದ್ದು ಆಲ್ಪ್ಸ್ ಪರ್ವತದ ಯಾವ ಚಿತ್ರವೂ ಅಲ್ಲ, ಕೋಲಾರದ ಕಡೆಯ ನಮ್ಮೂರಿನ ಒಂದು ಹಾಳು ಬಾವಿ.

ಆ ಬಾವಿಯ ಪಕ್ಕ ಒಂದು ಇಳಿಜಾರು ಇತ್ತು. ಬಾವಿಯ ಬಾಯಿಂದ ಶುರುವಾಗಿ ಹೊಲದ ಕಡೆಗೆ ತಗ್ಗುತ್ತಾ ಹೋಗುವ, ಮಣ್ಣು ಗಟ್ಟಿಯಾದ ಒಂದು ಓಣಿ. ನಾನು ಕಾಣುವ ಹೊತ್ತಿಗೆ ಪಂಪ್‌ಸೆಟ್ಟು ಬಂದು, ಆ ಓಣಿಯಲ್ಲಿ ಹುಲ್ಲು ಬೆಳೆದಿತ್ತು. ಅಲ್ಲಿ ಹಿಂದೆ ಕಪಿಲೆ ಹೊಡೆಯುತ್ತಿದ್ದರು ಎಂದು ತಾತ ಹೇಳುತ್ತಿದ್ದರು. ಬಾವಿಯ ಮೇಲೆ ರಾಟೆ, ರಾಟೆಯ ಮೇಲಿಂದ ಮಿಣಿ, ಮಿಣಿಯ ಒಂದು ತುದಿಗೆ ನೀರು ತುಂಬಿದ ಚರ್ಮದ ಚೀಲ, ಇನ್ನೊಂದು ತುದಿಗೆ ಜೋಡಿ ಎತ್ತು. ಎತ್ತು ಇಳಿಜಾರಿನಲ್ಲಿ ಇಳಿದರೆ ನೀರು ಬಾವಿಯಿಂದ ಏರುತ್ತಿತ್ತು. ಸಮತಟ್ಟು ನೆಲದಲ್ಲಿ ಎಳೆಯುವ ಬದಲು ಇಳಿಯುತ್ತಾ ಎಳೆದರೆ ಎತ್ತಿನ ಮೈಭಾರವೇ ಅರ್ಧ ಕೆಲಸ ಮಾಡುತ್ತದೆ. ಅಷ್ಟೂ ಸಾಲದೆಂದು, ಎತ್ತುಗಳು ಇಳಿಯಲು ಹೊರಟ ಕ್ಷಣ ತಾತ ಹಗ್ಗದ ಮೇಲೆ ಕುಳಿತುಬಿಡುತ್ತಿದ್ದರಂತೆ. ಎತ್ತಿನ ಭಾರಕ್ಕೆ ತಮ್ಮ ಭಾರವನ್ನೂ ಕೂಡಿಸಿ, ಹಾಡು ಹೇಳುತ್ತಾ, ಇಳಿಜಾರಿನ ಕೊನೆಯವರೆಗೆ ಹಗ್ಗದ ಮೇಲೇ ಹೋಗುವುದು. ಅಷ್ಟು ಹೊತ್ತಿಗೆ ಮೇಲೆ ಚೀಲ ತೊಟ್ಟಿಗೆ ಸುರಿದು ಕಾಲುವೆಯಲ್ಲಿ ನೀರು ಓಡುತ್ತಿರುತ್ತಿತ್ತು.

ಕಪಿಲೆಯಲ್ಲಿ ನೀರು ಏರಲೆಂದು ಮನುಷ್ಯ ಇಳಿದ. ರಿತೊಮ್‌ನಲ್ಲಿ ಮನುಷ್ಯ ಏರಿದ್ದು ನೀರನ್ನು ಇಳಿಸಲೆಂದು. ಪಾತ್ರಗಳು ಅದಲುಬದಲಾಗಿವೆ, ಲೆಕ್ಕ ಮಾತ್ರ ಅದೇ. ಆ ಲೆಕ್ಕಕ್ಕೆ ನಮ್ಮಲ್ಲಿ ಒಂದು ಹಳೆಯ ಹೆಸರಿದೆ: ತುಲಾಭಾರ.

ಉಡುಪಿಯಲ್ಲೋ ಧರ್ಮಸ್ಥಳದಲ್ಲೋ ತುಲಾಭಾರ ನೋಡಿದವರಿಗೆ ಆ ಕ್ಷಣ ಮರೆಯುವುದಿಲ್ಲ. ಮಗುವನ್ನು ಒಂದು ತಟ್ಟೆಯಲ್ಲಿ ಕೂರಿಸುತ್ತಾರೆ. ಇನ್ನೊಂದು ತಟ್ಟೆಗೆ ಅಕ್ಕಿ, ಬೆಲ್ಲ, ಬಾಳೆಹಣ್ಣು ಏರಿಸುತ್ತಾ ಹೋಗುತ್ತಾರೆ. ಬಹಳ ಹೊತ್ತು ಏನೂ ಆಗುವುದಿಲ್ಲ. ಆಮೇಲೆ, ಕೊನೆಯ ಒಂದು ಹಿಡಿ ಬಿದ್ದ ಕೂಡಲೇ, ಮಗು ಕುಳಿತ ತಟ್ಟೆ ನೆಲ ಬಿಡುತ್ತದೆ. ಎಲ್ಲರ ಕಣ್ಣೂ ಮಗುವಿನ ಮೇಲೆ. ಇಳಿಯುತ್ತಿರುವ ತಟ್ಟೆಯ ಕಡೆ ನೋಡುವವರು ಕಡಿಮೆ.

ಡಬ್ಬಿಯೊಳಗೆ ಕುಳಿತು ನಾನು ಆ ಇನ್ನೊಂದು ತಟ್ಟೆಯನ್ನು ಎಣಿಸತೊಡಗಿದೆ. ಉಜ್ಜಾಟ, ನಷ್ಟ ಯಾವುದೂ ಇಲ್ಲದ ಒಂದು ಲೋಕವನ್ನು ಊಹಿಸಿಕೊಳ್ಳೋಣ. ಅಲ್ಲಿ 70 ಕಿಲೋ ತೂಕದ ಒಬ್ಬನನ್ನು 785 ಮೀಟರ್ ಮೇಲೆತ್ತಲು 70 ಲೀಟರ್ ನೀರು ಅಷ್ಟೇ ಎತ್ತರದಿಂದ ಇಳಿದರೆ ಸಾಕು. ನಾಲ್ಕೈದು ಕೊಡ ನೀರು. ನಿಜವಾದ ಲೋಕದಲ್ಲಿ ಡಬ್ಬಿಯ ತೂಕವಿದೆ, ಹಗ್ಗದ ತೂಕವಿದೆ, ಯಂತ್ರ ಬಿಸಿಯಾಗಿ ಕಳೆಯುವ ಶಕ್ತಿಯಿದೆ. ಕೊಡಗಳ ಸಂಖ್ಯೆ ಹೆಚ್ಚುತ್ತದೆ. ಈ ರೈಲಿಗೆ ಬರುವ ವಿದ್ಯುತ್ತು ಯಾವ ತಂತಿಯಿಂದಲೇ ಬರಲಿ, ಲೆಕ್ಕದ ಮೂಲ ಬದಲಾಗದು: ನಾನು ಮೇಲೇರಬೇಕಾದರೆ ಅದಕ್ಕೆ ತಕ್ಕ ಬೆಲೆಯನ್ನು ಏನೋ ಒಂದು ಎಲ್ಲೋ ತೆರಲೇಬೇಕು. ಅದನ್ನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದವನು ನಾನು. ಆದರೂ, ಅಂಗೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ನೀರಿನ ದಾರಿ ಕೆಳಗೂ ನನ್ನ ದಾರಿ ಮೇಲಕ್ಕೂ ಸಾಗುವುದನ್ನು ಕಂಡಾಗಲೇ ಅದು ತಿಳಿವಳಿಕೆಯಾದದ್ದು.

ಹಲವು ಊರಿನ ಇಂಥ ರೈಲುಗಳಲ್ಲಿ ಒಂದೇ ಹಗ್ಗಕ್ಕೆ ಎರಡು ಡಬ್ಬಿ ಇರುತ್ತವೆ, ಒಂದು ಇಳಿದಾಗ ಇನ್ನೊಂದು ಏರುತ್ತದೆ. ಇದೇ ದೇಶದ ಫ್ರಿಬೂರ್ ಪಟ್ಟಣದಲ್ಲಿ 1899ರಿಂದ ನಡೆಯುತ್ತಿರುವ ಒಂದು ರೈಲಿಗೆ ಊರಿನ ಕೊಳಚೆ ನೀರೇ ಶಕ್ತಿ. ಮೇಲಿನ ನಿಲ್ದಾಣದಲ್ಲಿ ಡಬ್ಬಿಯ ತೊಟ್ಟಿಗೆ ನೀರು ತುಂಬುತ್ತಾರೆ. ಭಾರವಾದ ಡಬ್ಬಿ ಇಳಿಯುತ್ತದೆ, ಕೆಳಗಿನದನ್ನು ಎಳೆದು ಮೇಲೆ ತರುತ್ತದೆ, ಆಮೇಲೆ ತನ್ನ ನೀರನ್ನು ಚೆಲ್ಲುತ್ತದೆ. ಮನೆಮನೆಯ ಬಚ್ಚಲಿಂದ ಹೊರಟ ನೀರಿಗೂ ಇಳಿಯುವ ದಾರಿಯಲ್ಲಿ ಇಂಥದೊಂದು ಪುಣ್ಯದ ಕೆಲಸ ಸಿಕ್ಕಿದೆ.

ರಿತೊಮ್‌ನ ನೀರಿಗೆ ಸಿಕ್ಕ ಕೆಲಸ ದೊಡ್ಡದು. ಅದಕ್ಕೆ ಹಿನ್ನೆಲೆಯಾಗಿ ಗೊಟ್ಟಾರ್ಡ್ ರೈಲುಮಾರ್ಗದ ಕಥೆ ಬೇಕು. ಆಲ್ಪ್ಸ್ ಪರ್ವತವನ್ನು ಕೊರೆದು 15 ಕಿಲೋಮೀಟರ್ ಉದ್ದದ ಸುರಂಗವನ್ನು ತೋಡಲು 1872ರಲ್ಲಿ ಶುರುಮಾಡಿದರು, 1882ರಲ್ಲಿ ರೈಲು ಓಡಿತು. ಸುಮಾರು 200 ಕೆಲಸಗಾರರು ಆ ಕೆಲಸದಲ್ಲಿ ಸತ್ತರು. ಗುತ್ತಿಗೆ ಹಿಡಿದಿದ್ದ ಲೂಯಿ ಫಾವ್ರ್ ಕೂಡ 1879ರಲ್ಲಿ ಸುರಂಗದೊಳಗೇ ಕುಸಿದು ತೀರಿಕೊಂಡ. ಬಳಿಕ ಸುಮಾರು ನಲವತ್ತು ವರ್ಷ ಆ ದಾರಿಯಲ್ಲಿ ಉಗಿಬಂಡಿಗಳು ಹೊಗೆ ಕಾರುತ್ತಾ ಏರಿದವು. ಆದರೆ ಸ್ವಿಟ್ಜರ್ಲೆಂಡಿನಲ್ಲಿ ಹೇಳಿಕೊಳ್ಳುವಂಥ ಕಲ್ಲಿದ್ದಲು ಇಲ್ಲ. ಮೊದಲ ಮಹಾಯುದ್ಧದಲ್ಲಿ ಹೊರಗಿನ ಕಲ್ಲಿದ್ದಲು ದುಬಾರಿಯಾಗಿ, ದುರ್ಲಭವಾಗಿ, ರೈಲುಗಳನ್ನೇ ಕಡಿಮೆ ಮಾಡಬೇಕಾಗಿ ಬಂತು. ಆ ದೇಶದ ಬಳಿ ಇದ್ದದ್ದು ಎತ್ತರ, ಎತ್ತರದ ಮೇಲೆ ನೀರು. ಬಿಳಿ ಕಲ್ಲಿದ್ದಲು ಎಂದು ಯೂರೋಪಿನವರು ಅದನ್ನು ಕರೆದರು. ರೈಲ್ವೆಯವರು ರಿತೊಮ್ ಸರೋವರಕ್ಕೆ ಒಡ್ಡು ಕಟ್ಟಿ, 800 ಮೀಟರಿಗೂ ಹೆಚ್ಚು ಕೆಳಗಿರುವ ಪಿಯೋಟ್ಟಾದಲ್ಲಿ ವಿದ್ಯುದಾಗಾರ ಎಬ್ಬಿಸಿದರು. 1920ರಲ್ಲೇ ಗೊಟ್ಟಾರ್ಡ್ ಸುರಂಗದಲ್ಲಿ ವಿದ್ಯುತ್ ರೈಲು ಓಡಿತು.

ಎಂಟುನೂರು ಮೀಟರ್ ಎತ್ತರದ ನೀರಿನ ಕಂಬ ತನ್ನ ಬುಡದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೂ 80 ಕಿಲೋ ಭಾರ ಹಾಕುತ್ತದೆ. ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ಒಬ್ಬ ದೃಢಕಾಯ ಮನುಷ್ಯ ನಿಂತ ಹಾಗೆ. ಆ ನೀರು ಸಣ್ಣ ಬಾಯಿಂದ ಚಿಮ್ಮುವಾಗ ಅದರ ವೇಗ ಗಂಟೆಗೆ 400 ಕಿಲೋಮೀಟರ್ ದಾಟುತ್ತದೆ. ಚಿಮ್ಮಿದ ನೀರು ಚಕ್ರದ ಅಂಚಿಗೆ ಕೂರಿಸಿದ ಜೋಡಿಬಟ್ಟಲುಗಳಿಗೆ ಬಡಿದು, ತನ್ನ ವೇಗವನ್ನೆಲ್ಲ ಅಲ್ಲೇ ಒಪ್ಪಿಸಿ, ಬಹುತೇಕ ನಿಂತ ನೀರಿನಂತೆ ಕೆಳಗೆ ಬೀಳುತ್ತದೆ. ಸಾವಿರ ಲೀಟರ್ ಹೀಗೆ ಇಳಿದರೆ ಎರಡು ಯೂನಿಟ್ಟಿನ ಆಸುಪಾಸು ವಿದ್ಯುತ್ತು. ಮನೆಯ ಒಂದು ಫ್ಯಾನು ಒಂದು ಹಗಲು ಒಂದು ರಾತ್ರಿ ತಿರುಗಿದರೆ ಅಷ್ಟು ಮುಗಿಯುತ್ತದೆ. ತಾರಸಿಯ ಮೇಲಿನ ಒಂದು ತೊಟ್ಟಿ ನೀರು, ಅಷ್ಟು ದೊಡ್ಡ ಬೆಟ್ಟವಿಡೀ ಇಳಿದು ಬಂದದ್ದಕ್ಕೆ ಒಂದು ದಿನದ ಗಾಳಿ. ಈ ಲೆಕ್ಕ ಮಾಡಿದ ಮೇಲೆ, ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ನನಗೆ ತಡೆಯಲಾಗುವುದಿಲ್ಲ, ಎದ್ದು ಹೋಗಿ ಆರಿಸುತ್ತೇನೆ.

ಆ ವಿದ್ಯುತ್ತಿನಿಂದ ಓಡಿದ ಬಂಡಿಗಳಲ್ಲಿ ಹೆಸರಾದದ್ದು ಉದ್ದ ಮೂತಿಯ ಒಂದು ಇಂಜಿನ್. ಜನ ಅದನ್ನು ಮೊಸಳೆ ಎಂದೇ ಕರೆದರು. ಅದರಲ್ಲಿ ಒಂದು ಗುಣವಿತ್ತು. ಘಟ್ಟ ಇಳಿಯುವಾಗ ಅದರ ಮೋಟಾರುಗಳು ಜನರೇಟರುಗಳಾಗಿ ತಿರುಗಿ, ಬಂಡಿಯನ್ನು ತಡೆದು ಹಿಡಿಯುತ್ತಲೇ ಮೇಲಿನ ತಂತಿಗೆ ವಿದ್ಯುತ್ತನ್ನು ಮರಳಿಸುತ್ತಿದ್ದವು. ಅದೇ ಹೊತ್ತಿಗೆ ಎದುರಿನಿಂದ ಘಟ್ಟ ಏರುವ ರೈಲಿಗೆ ಅದು ಸಿಗುತ್ತಿತ್ತು. ಒಂದನ್ನೊಂದು ಕಾಣದ ಎರಡು ರೈಲುಗಳ ನಡುವೆ ತಂತಿಯೇ ಹಗ್ಗ, ಪರ್ವತವೇ ರಾಟೆ. ತಾತನ ಬಾವಿಯ ವಿದ್ಯೆ ಅಲ್ಲಿ ಕೆಲಸ ಮಾಡುತ್ತಿತ್ತು.

ಈ ಮಾತು ಬಂದಾಗ ನಾನು ಹುಟ್ಟಿದ ಸೀಮೆಯೂ ತಾನೇ ತಾನಾಗಿ ನೆನಪಿಗೆ ಬರುತ್ತದೆ. ರಿತೊಮ್‌ಗಿಂತ ಹದಿನೆಂಟು ವರ್ಷ ಮೊದಲು, 1902ರಲ್ಲಿ, ಶಿವನಸಮುದ್ರದಲ್ಲಿ ಕಾವೇರಿ ಹೀಗೆಯೇ ಕೊಳವೆಯೊಳಗೆ ಇಳಿದಳು. ದಿವಾನ್ ಶೇಷಾದ್ರಿ ಅಯ್ಯರ್ ಒತ್ತಾಸೆಯಾಗಿ ನಿಂತಿದ್ದ ಕೆಲಸ. ಅಲ್ಲಿನ ಟರ್ಬೈನುಗಳನ್ನು ಮಾಡಿಕೊಟ್ಟದ್ದು ಸ್ವಿಟ್ಜರ್ಲೆಂಡಿನ ಜೂರಿಚ್ ನಗರದ ಎಶರ್ ವೀಸ್ ಕಾರ್ಖಾನೆ. ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಗೆ ಬಂತು. ಶಿವನಸಮುದ್ರದ ಬಂಡೆಗಳಲ್ಲಿ ನೀರು ಇಳಿಯಿತು, ಕೋಲಾರದ ನೆಲದಾಳದಲ್ಲಿ ದುಡಿಯುವ ಯಂತ್ರಗಳಿಗೆ ಬಲ ಬಂತು. ಗಣಿಯ ಬಾಯಿಯ ಮೇಲೆ ಎತ್ತರದ ಕಬ್ಬಿಣದ ಚೌಕಟ್ಟು, ಅದರ ತುದಿಯಲ್ಲಿ ದೊಡ್ಡ ಗಾಲಿ, ಗಾಲಿಯ ಮೇಲಿಂದ ಪಾತಾಳಕ್ಕೆ ಇಳಿಯುವ ಹಗ್ಗ. ಚಿಕ್ಕಂದಿನಲ್ಲಿ ಅದನ್ನು ದೂರದಿಂದ ನೋಡಿ ನಾನು ರಾಕ್ಷಸರ ಬಾವಿಯ ರಾಟೆ ಎಂದುಕೊಂಡಿದ್ದೆ. ಈಗಲೂ ಆ ಮಾತನ್ನು ತಿದ್ದಬೇಕೆಂದು ಅನಿಸುವುದಿಲ್ಲ. ಜೋಗದ ಕಣಿವೆಯಲ್ಲಿ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕೆ ಟ್ರಾಲಿಯಲ್ಲಿ ಇಳಿದು ಕೆಲಸಕ್ಕೆ ಹೋದವರಿಗೆ ಪಿಯೋಟ್ಟಾದ ಈ ಡಬ್ಬಿ ತಮ್ಮದೇ ದಾಯಾದಿಯಂತೆ ಕಂಡೀತು.

ಡಬ್ಬಿ ಮೇಲೆ ಬಂದು ನಿಂತಿತು. ಇಳಿದು ಸ್ವಲ್ಪ ನಡೆದರೆ ಒಡ್ಡು, ಒಡ್ಡಿನ ಹಿಂದೆ ರಿತೊಮ್. ಸಮುದ್ರಮಟ್ಟದಿಂದ ಸುಮಾರು 1850 ಮೀಟರ್. ನೀರು ಅಲುಗಾಡದೆ ಆಕಾಶವನ್ನು ಹೊತ್ತುಕೊಂಡಿತ್ತು. ಅಷ್ಟು ದೊಡ್ಡ ಬಲ ಅಷ್ಟು ಸುಮ್ಮನೆ ಕುಳಿತಿರಬಲ್ಲದು ಎಂಬುದೇ ನನಗೆ ಬೆರಗು. ಎತ್ತರ ಒಂದು ಬಗೆಯ ಸಂಚಯ. ಕಣಜದಲ್ಲಿಟ್ಟ ರಾಗಿಯ ಹಾಗೆ, ಬೇಕಾದಾಗ ತೆಗೆಯಲೆಂದು ಕೂಡಿಟ್ಟದ್ದು.

ಆದರೆ ತುಲಾಭಾರದ ಇನ್ನೊಂದು ತಟ್ಟೆಯಲ್ಲಿ ನೀರು ಮಾತ್ರ ಇರಲಿಲ್ಲ. ಒಡ್ಡು ಬರುವ ಮೊದಲು ರಿತೊಮ್ ಒಂದು ಅಪರೂಪದ ಸರೋವರವಾಗಿತ್ತು. ಅದರ ಮೇಲಿನ ನೀರು, ಕೆಳಗಿನ ನೀರು ಒಂದರೊಳಗೊಂದು ಬೆರೆಯದೆ ಎರಡು ಪದರಗಳಾಗಿ ನಿಂತಿದ್ದವು. ವಿದ್ಯುದಾಗಾರಕ್ಕಾಗಿ ನೀರನ್ನು ಹೊರಗೆ ಬಿಟ್ಟಾಗ ಆ ಪದರಗಳು ಒಡೆದುಹೋದವು. ಮತ್ತೆ ಕೂಡಿಕೊಳ್ಳಲಿಲ್ಲ. ಒಂದು ಸರೋವರದ ಒಳಗುಟ್ಟನ್ನು ಕೊಟ್ಟು ದೇಶ ತನ್ನ ರೈಲುಗಳನ್ನು ಓಡಿಸಿತು. ಅದು ತಪ್ಪು ವ್ಯಾಪಾರ ಎನ್ನುವಷ್ಟು ಧೈರ್ಯ ನನಗಿಲ್ಲ. ಆ ರೈಲುಗಳಲ್ಲಿ ನಾನೂ ಕುಳಿತು ಬಂದಿದ್ದೇನೆ. ಕೊಟ್ಟದ್ದೇನು ಎಂಬುದನ್ನು ಮರೆಯಬಾರದು ಎಂದಷ್ಟೇ ಹೇಳಬಲ್ಲೆ. ಮೇಲೇರಿದವನು ಇಳಿದದ್ದರ ಹೆಸರನ್ನಾದರೂ ತಿಳಿದಿರಬೇಕು.

ಕಳೆದುಹೋದದ್ದು ಹೇಗಿತ್ತು ಎಂದು ತಿಳಿಯಲು ಇನ್ನೂ ಸ್ವಲ್ಪ ಮೇಲೆ ಹೋಗಬೇಕು. ಪಿಯೋರಾ ಕಣಿವೆಯಲ್ಲಿ, 1921 ಮೀಟರ್ ಎತ್ತರದಲ್ಲಿ, ಕಡಾನ್ಯೋ ಎಂಬ ಪುಟ್ಟ ಸರೋವರವಿದೆ. ಆಳ 21 ಮೀಟರ್. ದಡದಿಂದ ನೋಡಿದರೆ ಎಲ್ಲ ಬೆಟ್ಟದ ಕೆರೆಗಳಂತೆ ಅದೂ ಒಂದು, ಸುತ್ತ ಹಸುಗಳು ಮೇಯುತ್ತವೆ. ಒಳಗೆ ಮಾತ್ರ ಎರಡು ಕೆರೆ. ಹಿಮ ಕರಗಿ ಬಂದ ತಿಳಿನೀರು ಮೇಲೆ. ಡಾಲೊಮೈಟ್, ಜಿಪ್ಸಂ ಕಲ್ಲುಗಳನ್ನು ಕರಗಿಸಿಕೊಂಡು ತಳದ ಒರತೆಗಳಿಂದ ಬಂದ ಭಾರದ, ಉಸಿರುಗಾಳಿಯಿಲ್ಲದ ನೀರು ಕೆಳಗೆ. ಎರಡೂ ಸಂಧಿಸುವ ಕಡೆ, ಸುಮಾರು ಹನ್ನೆರಡು ಮೀಟರ್ ಆಳದಲ್ಲಿ, ನೇರಳೆಗೆಂಪು ಬಣ್ಣದ ಒಂದು ಪದರ. ಅದು ಗಂಧಕ ತಿಂದು ಬೆಳಕು ಕುಡಿದು ಬದುಕುವ ಬ್ಯಾಕ್ಟೀರಿಯಾಗಳ ನಾಡು. ಭೂಮಿಯ ಆದಿಕಾಲದ ಕೆಲವು ಕಡಲುಗಳು ಹೀಗಿದ್ದಿರಬಹುದೆಂದು ವಿಜ್ಞಾನಿಗಳು ಅದನ್ನು ಅಭ್ಯಾಸ ಮಾಡುತ್ತಾರೆ. ದಡದ ಮೇಲೆ ಅವರದೊಂದು ಸಂಶೋಧನಾ ಕೇಂದ್ರವೇ ಇದೆ.

ಆ ಬ್ಯಾಕ್ಟೀರಿಯಾಗಳ ಬಗ್ಗೆ 2017ರಲ್ಲಿ ಪ್ರಕಟವಾದ ಒಂದು ಸಂಶೋಧನೆ ನನ್ನನ್ನು ಬಹಳ ದಿನ ಬಿಡಲಿಲ್ಲ. ಅವುಗಳಲ್ಲಿ ಒಂದು ಜಾತಿ ಬೆಳಕಿನ ಆಸೆಗೆ ಮೇಲಕ್ಕೆ ಈಜುತ್ತದೆ. ಅವು ನೀರಿಗಿಂತ ಒಂದಿಷ್ಟು ಭಾರ. ಲೆಕ್ಕವಿಲ್ಲದಷ್ಟು ಜೀವಿಗಳು ಮೇಲೆ ಬಂದು ಒತ್ತಾಗಿ ಸೇರಿದಾಗ ಅಲ್ಲಿಯ ನೀರೇ ಭಾರವಾಗಿ ಕೆಳಗೆ ಕುಸಿಯುತ್ತದೆ. ಅವು ಮತ್ತೆ ಏರುತ್ತವೆ, ನೀರು ಮತ್ತೆ ಇಳಿಯುತ್ತದೆ. ಹೀಗೆ ಕಣ್ಣಿಗೆ ಕಾಣದ ಜೀವಿಗಳು ಸರೋವರದ ಒಂದು ಪದರವನ್ನೇ ಕಲಕುತ್ತಿರುತ್ತವೆ. ಕಬ್ಬಿಣದ ಹಗ್ಗವಿಲ್ಲ, ರಾಟೆಯಿಲ್ಲ, ಇಂಜಿನಿಯರಿಲ್ಲ. ಆದರೂ ಅದೇ ತುಲಾಭಾರ, ನಾವು ಹುಟ್ಟುವುದಕ್ಕೆ ಎಷ್ಟೋ ಮೊದಲಿನಿಂದ.

ಅಲ್ಲಿ ಕುಳಿತು ನೋಡುತ್ತಿದ್ದಾಗ ಎದುರಿನ ಇಳಿಜಾರಿನ ಹಿಮದ ತುಣುಕೊಂದರಿಂದ ಸಣ್ಣ ತೊರೆ ಹರಿಯುತ್ತಿತ್ತು. ಅಷ್ಟು ಹೊತ್ತೂ ನಾನು ಎಣಿಸದೆ ಬಿಟ್ಟಿದ್ದ ಒಂದು ಪಾಲು ಆಗ ಕಂಡಿತು. ನೀರು ಇಳಿದು ನನ್ನನ್ನು ಏರಿಸಿತು, ಸರಿ. ನೀರನ್ನು ಏರಿಸಿದವರು ಯಾರು? ಈ ತೊರೆ ರಿತೊಮ್ ಸೇರಿ, ಕೊಳವೆ ಇಳಿದು, ಟಿಚೀನೋ ಹೊಳೆಯಾಗಿ, ಪೋ ನದಿಯನ್ನು ಕೂಡಿ, ಏಡ್ರಿಯಾಟಿಕ್ ಕಡಲು ಮುಟ್ಟುತ್ತದೆ. ಅಲ್ಲಿಂದ ಅದನ್ನು ಮೋಡವಾಗಿಸಿ ಮತ್ತೆ ಈ ಎತ್ತರಕ್ಕೆ ಹೊತ್ತು ತಂದು ಹಿಮವಾಗಿ ಹರಡುವುದು ಸೂರ್ಯ. ಆ ಹೊರೆಗಾಗಿ ಸೂರ್ಯ ಪ್ರತಿ ಕ್ಷಣವೂ ತನ್ನನ್ನೇ ಒಂದಿಷ್ಟು ಕಳೆದುಕೊಳ್ಳುತ್ತಿದ್ದಾನೆ. ಅವನ ಒಡಲಿನ ಲಕ್ಷಾಂತರ ಟನ್ನುಗಳು ಸೆಕೆಂಡಿಗೊಮ್ಮೆ ಬೆಳಕಾಗಿ ಹೋಗುತ್ತವೆ. ತಕ್ಕಡಿಯ ಕೊನೆಯ ತಟ್ಟೆಯನ್ನು ಹುಡುಕುತ್ತಾ ಹೋದರೆ ಅಲ್ಲಿ ಒಂದು ನಕ್ಷತ್ರ ಕುಳಿತಿದೆ. ಬೆಟ್ಟದ ಒಂದು ಹಳೆಯ ಡಬ್ಬಿಯಲ್ಲಿ ನಾನು ಕುಳಿತು ಬಂದದ್ದಕ್ಕೆ ಅದೂ ತನ್ನ ಪಾಲು ಹಾಕಿದೆ.

ವಿಷಯ ತಿಳಿದರೆ ವಿಸ್ಮಯ ಕರಗುತ್ತದೆ ಎಂದು ಕೆಲವರು ಹೇಳುತ್ತಾರೆ. ನನ್ನ ಅನುಭವ ಹಾಗಿಲ್ಲ. ಕೆಳಗೆ ನಿಂತಿದ್ದಾಗ ನನ್ನ ಬೆರಗು ಹಳಿಯ ಕಡಿದಾದ ಏರಿನ ಬಗ್ಗೆ ಮಾತ್ರ ಇತ್ತು. ಒಂದೊಂದೇ ಲೆಕ್ಕ ತಿಳಿಯುತ್ತಾ ಬಂದಂತೆ ಅದು ಬೆಳೆದು ಸುರಂಗದಲ್ಲಿ ಸತ್ತ ಕೆಲಸಗಾರರನ್ನು, ಒಡೆದುಹೋದ ಸರೋವರವನ್ನು, ನೇರಳೆ ಬ್ಯಾಕ್ಟೀರಿಯಾವನ್ನು, ಸೂರ್ಯನನ್ನು ಒಳಗೊಂಡಿತು. ಬೆರಗಿನೊಳಗೆ ಕೃತಜ್ಞತೆ ಸೇರಿಕೊಂಡಿತು. ಅವೆರಡನ್ನೂ ಈಗ ಬೇರೆ ಮಾಡಲು ನನ್ನಿಂದಾಗದು.

ಸಂಜೆ ಕೊನೆಯ ಸರತಿಗೆ ಡಬ್ಬಿ ಹತ್ತಿದೆ. ಈಗ ಇಳಿಯುವ ಸರದಿ ನನ್ನದು. ಕಣಿವೆಯ ದೀಪಗಳು ಕೆಳಗಿನಿಂದ ಮೇಲೆ ಬರುತ್ತಿದ್ದವು. ಹಗ್ಗ ಬಿಗಿಯಾಗಿ, ಸದ್ದಿಲ್ಲದೆ, ನನ್ನ ಭಾರವನ್ನು ಹಿಡಿದು ಬಿಡುತ್ತಿತ್ತು. ತಾತ ಕಪಿಲೆಯ ಹಗ್ಗದ ಮೇಲೆ ಕುಳಿತು ಇಳಿಯುವಾಗ ಅವರಿಗೆ ತಮ್ಮ ಬೆನ್ನ ಹಿಂದೆ ನೀರು ಏರುತ್ತಿರುವುದು ಕಾಣುತ್ತಿರಲಿಲ್ಲ. ಆದರೆ ಚೀಲ ತೊಟ್ಟಿಗೆ ಸುರಿಯುವ ಸದ್ದು ಕೇಳುತ್ತಿತ್ತು. ಆ ಸದ್ದು ಕೇಳಿದ ಮೇಲೇ ಅವರು ಹಗ್ಗದಿಂದ ಏಳುತ್ತಿದ್ದರಂತೆ. ನಾನೂ ಕಣ್ಣು ಮುಚ್ಚಿ, ಕೊಳವೆಯ ಪಕ್ಕದಲ್ಲಿ ಇಳಿಯುತ್ತಾ, ನನ್ನ ತೂಕದಿಂದ ಏನಾದರೂ ಎಲ್ಲಾದರೂ ಮೇಲೇರುತ್ತಿದೆಯೇ ಎಂದು ಕಿವಿಗೊಟ್ಟು ಕುಳಿತೆ.